ಉಪಚಾರದ ಮಾತು

ಪಾಸ್‌ವರ್ಡ್ ಕೊಡು ಎಂದಿತು ಕಂಪ್ಯೂಟರು. ನಾಗಪತಿ ಮಾಸ್ತರರು ಎಡಗೈಯಲ್ಲಿ ಚೀಟಿ ಹಿಡಿದು, ಬಲಗೈಯ ಒಂದೇ ಬೆರಳಿನಲ್ಲಿ ಒಂದೊಂದಾಗಿ ಎಂಟು ಅಕ್ಷರ ಒತ್ತಿದರು. ಕಪ್ಪು ಪರದೆಯ ಮೇಲೆ ಒಂದೂ ಮೂಡಲಿಲ್ಲ. ಬ್ಯಾಂಕಿನ ಮಿಶನ್ನಿನಲ್ಲಾದರೂ ಒತ್ತಿದ ಅಂಕಿಗೊಂದು ಚುಕ್ಕಿ ಬೀಳುತ್ತದೆ, ಕೇಳಿಸಿತಪ್ಪಾ ಎಂಬ ಹಾಗೆ. ಇದು ಚುಕ್ಕಿಯ ಮರ್ಯಾದೆಯನ್ನೂ ಕೊಡಲಿಲ್ಲ. ಕೀಲಿ ಸರಿಯಾಗಿ ಕೂತಿಲ್ಲವೇನೋ ಎಂದು ಮತ್ತೆ ಮೊದಲಿನಿಂದ, ಈ ಸಲ ಜೋರಾಗಿ ಒತ್ತಿದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಅವರು. ಹೇಳಿದ್ದು ಹಿಂದಿನ ಬೆಂಚಿನವನ ತಲೆಗೆ ಹೋಯಿತೋ ಇಲ್ಲವೋ ಎಂಬುದನ್ನು ಅವನ ಮೋರೆ ನೋಡಿಯೇ ಹೇಳಿಬಿಡುತ್ತಿದ್ದರು. ಇದಕ್ಕೆ ಮೋರೆಯೇ ಇರಲಿಲ್ಲ. ಎಂಟಾಗಬೇಕಾದ ಅಕ್ಷರ ಹದಿನಾರಾಗಿ, ಎಂಟರ್ ಒತ್ತಿದ್ದೇ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಕ್ಷಮಿಸಿ, ಮತ್ತೆ ಪ್ರಯತ್ನಿಸಿ. ಕ್ಷಮೆ ಕೇಳುವುದನ್ನೇನೋ ಯಾರೋ ಕಲಿಸಿದ್ದಾರೆ, ತಪ್ಪು ಎಲ್ಲಿ ಎಂದು ತೋರಿಸುವುದನ್ನು ಕಲಿಸಿಲ್ಲ ಎಂದುಕೊಂಡು ಮಾಸ್ತರರು ಕನ್ನಡಕ ಒರೆಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹೊಡೆದಿತ್ತು.

ಕನ್ನಡ ಬರೆಯುವ ತಂತ್ರಾಂಶವೊಂದನ್ನು ಹಾಕಿಕೊಳ್ಳಬೇಕಿತ್ತು, ಅಷ್ಟೇ. ಯಲ್ಲಾಪುರದಲ್ಲಿ ಮುಂದಿನ ತಿಂಗಳು ನಡೆಯುವ ಸಾಹಿತ್ಯ ಸಮಾರಂಭದ ಸ್ಮರಣ ಸಂಚಿಕೆಗೆ ಬರೆದ 'ನಮ್ಮವರ ಉಪಚಾರ' ಎಂಬ ಲೇಖನ ಆರು ಹಾಳೆಯಾಗಿ ಪಕ್ಕದಲ್ಲೇ ಇತ್ತು. ಸಂಜೆ ಐದರೊಳಗೆ ಅದು ಟೈಪಾಗಿ ಹೋಗದಿದ್ದರೆ ಸಂಚಿಕೆ ಅವರನ್ನು ಬಿಟ್ಟು ಅಚ್ಚಿಗೆ ಹೋಗುತ್ತದೆ. ನಿವೃತ್ತಿಯಾದ ಎರಡು ವರ್ಷದಲ್ಲಿ ಒಬ್ಬರು ಬರೆಯಿರಿ ಎಂದು ಕೇಳಿದ್ದು ಇದೇ ಮೊದಲು. ಹೆಂಡತಿ ದೇವಕಿಯ ಎದುರು 'ಇದನ್ನೆಲ್ಲ ಈಗ ಯಾರು ಓದ್ತ' ಎಂದು ಗೊಣಗಿದ್ದರೂ ಒಳಗೊಳಗೇ ಅವರಿಗೆ ತಾನು ಇನ್ನೂ ಇದ್ದೇನೆ ಎನಿಸಿತ್ತು. ಸಂಚಿಕೆಯ ಕಾರ್ಯದರ್ಶಿ ಚಂದ್ರಶೇಖರಪ್ಪ ಹಾವೇರಿ ಕಡೆಯಿಂದ ಬಂದು ಯಲ್ಲಾಪುರದಲ್ಲಿ ನಿಂತವರು, ಮನುಷ್ಯ ಬಂಗಾರದಂಥವರು. ಮೂರು ದಿನದ ಹಿಂದೆ ಫೋನು ಮಾಡಿ, "ಸರ, ಕೈಬರಹಾನ ಕಳಸ್ಬಿಡ್ರಿ, ನಮ್ಮ ಹುಡುಗ್ರ ಕಡಿಂದ ಟೈಪ್ ಮಾಡಸ್ತೇನಿ" ಎಂದಿದ್ದರು. "ಛೇ ಛೇ, ಬೇಡ, ನಿಮಗೆಂತಕ್ಕೆ ತೊಂದ್ರೆ" ಎಂದು ಮಾಸ್ತರರ ಬಾಯಿ ಹೇಳಿತು. ಬಾಯಿಗೆ ಅದು ರೂಢಿ. ಇನ್ನು ಆ ಕಡೆಯವರು ತೊಂದರೆ ಎಂಥದು ಎನ್ನಬೇಕು, ಈ ಕಡೆಯವರು ಇರಲಿ ನಾನೇ ನೋಡುತ್ತೇನೆ ಎನ್ನಬೇಕು, ಅವರು ಕಳಿಸಿ ಮಾರಾಯರೇ ಎಂದು ಗದರಬೇಕು, ಆಗ ಇವರು ಇಷ್ಟು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ ಎಂದು ಸೋಲಬೇಕು. ಆದರೆ ಚಂದ್ರಶೇಖರಪ್ಪನವರು, "ಆತ್ರಿ ಹಂಗಾರ, ನೀವ ಮಾಡಿ ಕಳಸ್ರಿ. ಶುಕ್ರವಾರ ಸಂಜಿ ಐದಕ್ಕ ಪ್ರೆಸ್ಸಿಗೆ ಕೊಡೂದೈತಿ" ಎಂದು ಫೋನು ಇಟ್ಟೇಬಿಟ್ಟರು. ಮಾಸ್ತರರು ಸತ್ತ ಫೋನನ್ನು ಕಿವಿಗೆ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು.

ಲ್ಯಾಪ್‌ಟಾಪು ಅಣ್ಣನ ಮಗ ಸುಮಂತನದು, ಅವನಿಗೆ ಹಳತಾಗಿ ಇವರಿಗೆ ಬಂದದ್ದು. ಹೊಸ ವಿಂಡೋಸು ಹೊರುವ ತ್ರಾಣ ಇದಕ್ಕಿಲ್ಲವೆಂದು ಅವನು ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ ಲಿನಕ್ಸ್ ಹಾಕಿಸಿ ತಂದಿದ್ದ. "ಅಪ್ಪಚ್ಚಿ, ಇದು ಪುಕ್ಕಟೆ. ಲೋಕದವೆಲ್ಲ ಸೇರಿ ಮಾಡಿದ್ದು, ಯಾರ್ನೂ ಕೇಳವು ಹೇಳಿಲ್ಲೆ" ಎಂದು ಹೇಳಿ ಹೋಗಿದ್ದ. ನಾಲ್ಕು ಜನ ಸೇರಿ ಮಾಡಿ ಎಲ್ಲರಿಗೂ ಬಡಿಸುವುದು ಮಾಸ್ತರರಿಗೂ ಹಿಡಿಸಿತ್ತು. ಬಡಿಸಿದವರು ಎಲೆಯ ಮುಂದೆ ನಿಲ್ಲುವುದಿಲ್ಲ, ಬೇಕಾದದ್ದನ್ನು ನೀವೇ ಎದ್ದು ಹೋಗಿ ತಂದುಕೊಳ್ಳಬೇಕು ಎಂಬುದು ಆಗ ತಿಳಿದಿರಲಿಲ್ಲ. ಚೀಲದೊಳಗೆ ಅಂಗಡಿಯವರು ಇಟ್ಟ ಚೀಟಿಯಿತ್ತು. ಕನ್ನಡ ಟೈಪಿಂಗಿಗೆ ಟರ್ಮಿನಲ್ ಎಂಬ ಕಪ್ಪು ಪರದೆ ತೆರೆಯಿರಿ, ಈ ಸಾಲನ್ನು ಹೀಗೆಯೇ ಬರೆಯಿರಿ, ತೊಂದರೆಯಾದರೆ ಫೋನ್ ಮಾಡಿ, ತನುಜಾ. ಹೆಸರಿಗಿಂತ ಮೊದಲು ಅವರು ಗುರುತು ಹಿಡಿದದ್ದು ಅಕ್ಷರವನ್ನು. ಒಂದರ ಮೈ ಒಂದಕ್ಕೆ ತಾಗದ, ತಲೆಕಟ್ಟು ಸಮನಾಗಿ ನಿಂತ ಆ ದುಂಡು ಅಕ್ಷರವನ್ನು ಒಂದು ಕಾಲದಲ್ಲಿ ಅವರೇ ಇಡೀ ತರಗತಿಗೆ ಎತ್ತಿ ತೋರಿಸಿದ್ದರು: ನೋಡಿ, ಗುಡ್ನಾಪುರದ ತನುಜಾ ಹೇಗೆ ಬರೀತಾಳೆ. ಆ ಹುಡುಗಿ ಈಗ ಅಂಗಡಿ ಇಟ್ಟಿದ್ದಾಳೆ ಎಂದು ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಹಿಂದೆಯೇ ಇನ್ನೇನೋ ಒಂದು, ಹೆಸರಿಲ್ಲದ್ದು, ಎದ್ದು ಬಂದು ಇವಳಿಗೆ ಮಾತ್ರ ಫೋನು ಬೇಡ ಎಂದಿತು. ಯಾಕೆ ಬೇಡ ಎಂದು ಮಾಸ್ತರರು ತಮ್ಮನ್ನು ಕೇಳಿಕೊಳ್ಳಲಿಲ್ಲ.

ಕಾಣದ ಪಾಸ್‌ವರ್ಡನ್ನು ಕಣ್ಣುಮುಚ್ಚಿ ಒತ್ತಿದಾಗ ಒಪ್ಪಿತು. ಆದರೆ ಚೀಟಿಯ ಸಾಲನ್ನು ಒತ್ತುವಾಗ ಮಾಸ್ತರರು ಇನ್‌ಸ್ಟಾಲ್ ಎಂಬುದಕ್ಕೆ ಒಂದು ಎಲ್ ಬಿಟ್ಟಿದ್ದರಂತೆ, ಅಂಥ ಕೆಲಸ ತನಗೆ ಗೊತ್ತಿಲ್ಲ ಎಂದಿತು. ಕಾಗುಣಿತ ತಪ್ಪಿದ ಎಷ್ಟು ಉತ್ತರಪತ್ರಿಕೆಗಳಿಗೆ ಅವರು ಭಾವ ನೋಡಿ ಅಂಕ ಕೊಟ್ಟಿಲ್ಲ! ತಿದ್ದಿ ಬರೆದರೆ ಬೇರೆ ಯಾರೋ ಬೀಗ ಹಿಡಿದುಕೊಂಡಿದ್ದಾರೆ, ಸಿಗುತ್ತಿಲ್ಲ ಎಂದಿತು. ಮನೆಯಲ್ಲಿದ್ದದ್ದು ಇಬ್ಬರೇ. ಮಾಸ್ತರರು ಅಡುಗೆಮನೆಯ ಕಡೆ ತಿರುಗಿ, "ನೀನು ಎಂತಾರೂ ಮುಟ್ಟಿದ್ಯನೇ ಇದ್ನ?" ಎಂದರು.

"ಆನು ಮುಟ್ಟಿದ್ದು ಒಗ್ಗರಣೆ ಸೌಟು," ಎಂದಳು ದೇವಕಿ ಒಳಗಿಂದ. "ಊಟಕ್ಕೆ ಬತ್ರ, ಅದೇ ಉಣ್ಣಸ್ತ ನಿಂಗಳ?"

ಉಂಡರು. ಏನು ಉಂಡರೆಂಬುದು ಕೈತೊಳೆಯುವಾಗ ನೆನಪಿರಲಿಲ್ಲ. ತಿರುಗಿ ಬಂದು ನೋಡಿದಾಗ ಬೀಗ ಹಿಡಿದವರು ಯಾರೋ ಬಿಟ್ಟು ಹೋಗಿದ್ದರು, ಸಾಲುಗಳು ಸರಸರ ಇಳಿದವು, ಕೊನೆಗೊಂದು ಕಡೆ ನಿಂತು ಅದು ಕೇಳಿತು: ಇದರಿಂದ ಇಷ್ಟು ಜಾಗ ಹೆಚ್ಚಿಗೆ ಹಿಡಿಯುತ್ತದೆ, ಮುಂದುವರಿಯಲೇ? ಹೌದಾದರೆ ವೈ, ಇಲ್ಲವಾದರೆ ಎನ್. ಬೆಳಗಿನಿಂದ ಮುಖ ಕೊಟ್ಟು ಮಾತಾಡದಿದ್ದದ್ದು ಇಷ್ಟು ಸೌಜನ್ಯದಿಂದ ಕೇಳಿದ್ದೇ ಮಾಸ್ತರರ ಮನಸ್ಸು ಕರಗಿತು. ತಮಗಾಗಿ ಅದು ತನ್ನ ಮನೆಯಲ್ಲಿ ಜಾಗ ಮಾಡಿಕೊಡುತ್ತೇನೆ ಎನ್ನುತ್ತಿದೆ. ಹೂಂ ಎಂದು ಬಾಯಿ ತೆರೆದು ಬೀಳುವುದು ಹೇಗೆ? ಅವರೇನೂ ಯೋಚಿಸಿ ಮಾಡಲಿಲ್ಲ. ಅಜ್ಜಿಯ ಕೈಹಿಡಿದು ನೆಂಟರ ಮನೆಗೆ ಹೋದಾಗಿನಿಂದ ಕಲಿತ ಬೆರಳು, ತಾನಾಗಿ ಹೋಗಿ ಎನ್ ಒತ್ತಿತು. ಒತ್ತಿ, ಅದು ಇನ್ನೊಮ್ಮೆ ಕೇಳಲಿ ಎಂದು ಕಾದು ಕುಳಿತರು. ಕೇಳಲಿಲ್ಲ. 'ಕೈಬಿಡಲಾಗಿದೆ' ಎಂಬರ್ಥದ ಒಂದೇ ಇಂಗ್ಲಿಷ್ ಪದ ಬಿತ್ತು, ಕೆಳಗೆ ಗೀಟೊಂದು ಮಿನುಗತೊಡಗಿತು.

ಮೊದಲು ನಗು ಬಂತು. ಅಯ್ಯೋ ಮಂಗನೇ, ಇದೇನು ಭಟ್ಟರ ಮನೆಯ ಪಂಕ್ತಿಯೇ, ಎಂದು ತಮಗೆ ತಾವೇ ಅಂದುಕೊಂಡರು. ಇದನ್ನೂ ಲೇಖನಕ್ಕೆ ಸೇರಿಸಬಹುದು ಎಂದು ಹಾಳೆ ಎಳೆದುಕೊಂಡರು. ಯಂತ್ರಕ್ಕೆ ಉಪಚಾರ ಗೊತ್ತಿಲ್ಲ, ಎಂಬಲ್ಲಿಂದ ಸುರುಮಾಡಿದರೆ ಓದುವವರಿಗೂ ಖುಷಿ. ಬೇಡ ಎಂದರೆ ಬೇಡವೆಂದೇ ತಿಳಿಯುತ್ತದೆ, ಯಾರು ಹೇಳಿದರೂ. ಯಾರು ಹೇಳಿದರೂ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಒಂಬತ್ತನೆಯ ತರಗತಿ, ಶನಿವಾರದ ಬೆಳಗಿನ ಶಾಲೆ, ಕಿಟಕಿಯಿಂದ ಬಿಸಿಲು ಮೂರನೆಯ ಬೆಂಚಿನ ತನಕ ಬಂದಿತ್ತು. ತಾಲೂಕು ಮಟ್ಟದ ಭಾಷಣ ಸ್ಪರ್ಧೆಗೆ ಒಬ್ಬರನ್ನು ಆರಿಸಬೇಕು. ತನುಜಾ, ನೀನು ಹೋಗ್ತೀಯಾ? ಹುಡುಗಿ ಎದ್ದು ನಿಂತು ಬೆಂಚಿನ ಅಂಚು ಕೆರೆಯುತ್ತ ಬೇಡ ಸರ್ ಎಂದಳು. ಆಯ್ತು ಕೂತ್ಕೋ. ನಮಿತಾ, ನೀನು? ನಮಿತಾ ಕೂಡ ಬೇಡ ಸರ್ ಎಂದಳು, ಅದೇ ದನಿ, ಅದೇ ಬೆಂಚು. ಆಗ ಇವರು ನಕ್ಕು, ಹಾಗಂದ್ರೆ ಹೇಗೆ ತಂಗಿ, ನಿನ್ನ ಬಿಟ್ರೆ ಯಾರು ಎಂದರು. ಅವಳು ಊಹೂಂ ಎಂದಳು. ಇವರು ಮತ್ತೂ ಒಮ್ಮೆ ಹೇಳಿ ಒಪ್ಪಿಸಿದರು. ನಮಿತಾ ಇವರ ದೂರದ ಸಂಬಂಧಿಕರ ಮಗಳು. ಬೇಡ ಎಂದರೆ ಮತ್ತೆ ಕೇಳಿ ಎಂದರ್ಥ ಎಂದು ಅವಳ ವಿಷಯದಲ್ಲಿ ತಿಳಿದದ್ದು, ಗೇಣಿ ಹೊಲ ಸ್ವಂತದ್ದಾಗಿ ಇನ್ನೂ ಒಂದು ತಲೆಮಾರೂ ದಾಟದ ಬೀರ ನಾಯ್ಕನ ಮಗಳು ತನುಜಾಳ ವಿಷಯದಲ್ಲಿ ಹೊಳೆಯಲೇ ಇಲ್ಲ. ಹೊಳೆದಿರಲಿಲ್ಲವೇ? ಕೂತುಕೊಳ್ಳುವಾಗ ತನುಜಾ ಒಂದು ಸಲ ಮುಖ ಎತ್ತಿ ನೋಡಿದ್ದಳು. ಅದು ಕಂಡಿತ್ತು. ಕಂಡದ್ದನ್ನು ಬಸ್ಸು ಹತ್ತುವಷ್ಟರಲ್ಲಿ ಮರೆತಿದ್ದರು.

ಈ ಯಂತ್ರವಾದರೂ ಎಲ್ಲರನ್ನೂ ಒಂದೊಂದೇ ಸಲ ಕೇಳುತ್ತದೆ. ಮಾಸ್ತರರು ಎರಡನೆಯ ಸಲ ಸಾಲು ಬರೆದು ವೈ ಒತ್ತಿದರು, ಅದು ಮರುಮಾತಿಲ್ಲದೆ ಕೆಲಸ ಮುಗಿಸಿತು. ಮುಗಿಸಿತು ಎಂದಿತಷ್ಟೇ, ಹಾಳೆ ತೆರೆದು ಅ ಒತ್ತಿದರೆ ಇಂಗ್ಲಿಷಿನ ಎ ಬಿತ್ತು. ಹತ್ತು ಸಲ ಒತ್ತಿದರು, ಹತ್ತು ಎ. ಮೇಲಿನ ಪಟ್ಟಿಯಲ್ಲಿ ಕನ್ನಡವೆಂಬ ಹೆಸರು ಎಲ್ಲಿಯೂ ಇಲ್ಲ. ಗಂಟೆ ಎರಡಾಗಿತ್ತು. ಚೀಟಿಯ ಕೆಳಗಿನ ನಂಬರನ್ನು ಎರಡು ಸಲ ಅರ್ಧ ಒತ್ತಿ ಬಿಟ್ಟು, ಮೂರನೆಯ ಸಲ ಪೂರ್ತಿ ಒತ್ತಿದರು.

"ಹಲೋ, ನಾನು ನಾಗಪತಿ... ಬನವಾಸಿ ಕಡೆ ಹೈಸ್ಕೂಲಿನಲ್ಲಿ..."

"ಹೋ, ಸರ್! ಗೊತ್ತಾತು ಗೊತ್ತಾತು. ಸುಮಂತ ಹೆಸ್ರು ಹೇಳ್ದಾಗ್ಲೇ ಅಂದ್ಕಂಡೆ, ನಮ್ಮ ಸರ್‌ದೇ ಇರ್ಬೇಕು ಅಂತ. ಲ್ಯಾಪ್‌ಟಾಪು ಹೆಂಗೆ ನಡೀತಾ ಉಂಟು ಸರ್?"

"ಚೆನ್ನಾಗಿದೆ, ಚೆನ್ನಾಗಿದೆ," ಎಂದರು ಮಾಸ್ತರರು. ಎದುರಿಗೆ ಹತ್ತು ಎ ಸಾಲಾಗಿ ನಿಂತಿದ್ದವು.

"ಕನ್ನಡ ಬಂತಾ? ಎಂತಾರೂ ತೊಂದ್ರೆ ಇದ್ರೆ ಬರ್ಲಾ ಸರ್?"

"ಇಲ್ಲ ಇಲ್ಲ, ಬೇಡ. ನಿಂಗೆ ಅಂಗಡಿ ಕೆಲಸ ಇರ್ತದೆ. ಹೀಗೇ ಸುಮ್ನೆ ಮಾಡಿದ್ದು ಫೋನು." ಹೇಳಿ ಮುಗಿಸುವ ಮೊದಲೇ ತಮ್ಮ ನಾಲಗೆಯನ್ನು ಹಿಡಿದು ಎಳೆಯುವಷ್ಟು ಸಿಟ್ಟು ಬಂತು ಅವರಿಗೆ. ಇನ್ನವಳು ಆಯ್ತು ಸರ್ ಎಂದು ಇಡುತ್ತಾಳೆ. ಇಟ್ಟರೆ ಅದು ನ್ಯಾಯವೇ. ಆ ಕಡೆ ಯಾವುದೋ ಸ್ಕೂಟರು ಹಾರ್ನು ಹೊಡೆದದ್ದು ಕೇಳಿತು.

"ನಾ ಬತ್ತೆ ಬಿಡಿ ಸರ್," ಎಂದಳು ತನುಜಾ. "ಅರ್ಧ ಗಂಟೆ."

ಬಂದವಳು ಚಪ್ಪಲಿ ಬಿಟ್ಟು ಹೊರಬಾಗಿಲಿನಲ್ಲೇ ನಿಂತಳು. ಒಳಗೆ ಬಾ ಎಂಬ ಎರಡು ಮಾತು ಮಾಸ್ತರರು ಹುಡುಕುವಷ್ಟರಲ್ಲಿ ದೇವಕಿ ಬಂದು, ಬಿಸಿಲಾಗೆ ಎಂತಕ್ಕೆ ನಿಂತ್ಯೆ, ಎಂದು ಕೈಹಿಡಿದು ಕರೆತಂದಳು. ಕುಡಿಯಲಿಕ್ಕೆ ಏನೂ ಬ್ಯಾಡ ಅಮ್ಮ ಎಂದದ್ದು ದೇವಕಿಯ ಕಿವಿಗೆ ಬೀಳಲೇ ಇಲ್ಲ, ಅವಳು ಆಗಲೇ ಮುರುಗಲು ಹಣ್ಣಿನ ಪಾನಕ ಕಲಸಲು ಹೋಗಿದ್ದಳು. ಮಾಸ್ತರರು ಆರು ಹಾಳೆ ಬರೆದದ್ದನ್ನು ದೇವಕಿ ಒಂದು ಲೋಟದಲ್ಲಿ ಮುಗಿಸುತ್ತಾಳೆ. ತನುಜಾಗೆ ಈಗ ಇಪ್ಪತ್ತಾರಿರಬೇಕು, ಕೂದಲನ್ನು ಎತ್ತಿ ಕಟ್ಟಿದ್ದಳು, ಪರದೆಯ ಮೇಲಿನ ಹತ್ತು ಎ ನೋಡಿ ತುಟಿ ಕಚ್ಚಿ ನಗು ತಡೆದಳು.

"ಎಲ್ಲಾ ಸರಿ ಮಾಡೀರಿ ಸರ್. ಹಾಕಿದ್ಮೇಲೆ ಒಂದ್ಸಲ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರ್ಬೇಕು, ಆಗ್ಲೇ ಅದು ಕಾಣೂದು. ಚೀಟೀಲಿ ಬರೀಲಿಕ್ಕೆ ನಾನೇ ಬಿಟ್ಟೆ."

ಬೆಳಗಿನಿಂದ ಪಟ್ಟ ಪಾಡು ಎರಡು ನಿಮಿಷದಲ್ಲಿ ಮುಗಿಯಿತು. ಅ ಒತ್ತಿದರೆ ಅ ಬಂತು. ಮಾಸ್ತರರಿಗೆ ಸಮಾಧಾನವಾಯಿತು, ಸ್ವಲ್ಪ ನಿರಾಶೆಯೂ ಆಯಿತು, ಅಷ್ಟು ಕಷ್ಟಕ್ಕೆ ಇನ್ನೂ ದೊಡ್ಡ ಕಾರಣವಿದ್ದರೆ ಚೆನ್ನಾಗಿತ್ತು. ಗಂಟೆ ಮೂರು. ಒಂದು ಬೆರಳಿನಲ್ಲಿ ಆರು ಹಾಳೆ ಇವತ್ತಿಗಲ್ಲ, ಬರುವ ಸಂಕ್ರಾಂತಿಗೆ ಮುಗಿದೀತು. "ನೀವು ಓದಿ ಸರ್, ನಾ ಹೊಡೀತೆ," ಎಂದಳು ತನುಜಾ. ಬೇಡ ಎಂಬುದು ಗಂಟಲ ತನಕ ಬಂತು. ಅಲ್ಲೇ ನುಂಗಿ, "ಆಯ್ತು" ಎಂದರು. ಅರವತ್ತೆರಡು ವರ್ಷದಲ್ಲಿ ಮೊದಲ ಕರೆಗೇ ಒಪ್ಪಿದ ಒಂದೇ ಸಂಗತಿ ಇದು. ಯಾರೂ ಅದನ್ನು ಗಮನಿಸಲಿಲ್ಲ.

ಹತ್ತೂ ಬೆರಳು ಓಡಿಸುತ್ತಿದ್ದಳು ಹುಡುಗಿ. ಇವರು ಪಾಠ ಹೇಳುವ ಹಳೆಯ ದನಿಯಲ್ಲಿ ಓದುತ್ತ ಹೋದರು. ನಮ್ಮ ಮನೆಗಳಲ್ಲಿ ನೀರು ಬೆಲ್ಲ ಕೊಡುವ ರೀತಿ, ನಮ್ಮವರು ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ರೀತಿ, ಹಿಡಿದ ಕೈಯ ಸಂದಿನಿಂದಲೇ ಹೋಳಿಗೆ ಬೀಳಿಸುವ ನಮ್ಮ ಬಡಿಸುವವರ ಜಾಣತನ. ಓದುತ್ತ ಓದುತ್ತ ಅವರಿಗೆ ತಮ್ಮ ದನಿ ಕಿರಿದಾಗುತ್ತಿರುವುದು ಕೇಳಿಸಿತು. ಬರೆಯುವಾಗ ಕಾಣದಿದ್ದ ನಮ್ಮ ಎಂಬ ಪದ, ಈಗ ಸಾಲಿಗೊಂದು ಕಡೆ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು. ಐದನೆಯ ಹಾಳೆಯ ಕೊನೆಯ ವಾಕ್ಯ ಹೀಗಿತ್ತು: ಒಲ್ಲೆನೆಂದವರನ್ನು ಎರಡನೆಯ ಸಲ ಕೇಳದೆ ಬಿಡುವುದು ನಮ್ಮಲ್ಲಿ ಉಪಚಾರವಲ್ಲ, ಅಪಚಾರ. ಅದನ್ನು ಹಾರಿಸಿಬಿಡಲೇ ಎಂದು ಯೋಚಿಸುತ್ತಲೇ ಓದಿಬಿಟ್ಟರು.

ಬೆರಳುಗಳು ವಾಕ್ಯ ಮುಗಿಸಿ ನಿಂತವು. "ನಮ್ಮಲ್ಲಿ ಅಂದ್ರೆ ಯಾರಲ್ಲಿ ಸರ್?" ಎಂದಳು. ಅವರು ಹಾಳೆಯಿಂದ ತಲೆ ಎತ್ತಿದ್ದು ನೋಡಿ ಅವಳೇ ಮುಂದುವರಿಸಿದಳು: "ಅಲ್ಲ, ತಪ್ಪು ತಿಳೀಬೇಡಿ. ನಮ್ಮನೇಲೂ ಹಿಂಗೇ, ಅದ್ಕೆ ಕೇಳ್ದೆ. ಯಾರಾರೂ ಎಂತಾರೂ ಕೊಡ್ತೆ ಅಂದಾಗ ಮೊದ್ಲ ಸಲಕ್ಕೇ ಹೂಂ ಅಂದ್ರೆ ನಮ್ಮಮ್ಮ ಮನಿಗೆ ಬಂದು ಬೆನ್ನ ಮೇಲೆ ಕೊಡ್ತಿತ್ತು. ಕಾಣದೇ ಇದ್ದೋರಂಗೆ ಮಾಡ್ತಿಯಾ ಅಂತ."

ಈಗ ಏನೂ ಹೇಳದೆ ಆರನೆಯ ಹಾಳೆ ಎತ್ತಿಕೊಳ್ಳಬಹುದಿತ್ತು. ನಾಲ್ಕಕ್ಕೆ ಹತ್ತು ನಿಮಿಷ, ಲೇಖನ ಹೋಗುತ್ತದೆ, ಅಚ್ಚಾಗುತ್ತದೆ, ಹೆಸರಿನ ಕೆಳಗೆ ನಿವೃತ್ತ ಶಿಕ್ಷಕರು ಎಂದು ಬರುತ್ತದೆ. ಮಾಸ್ತರರು ಹಾಳೆ ಎತ್ತಿಕೊಂಡರು ಕೂಡ. ಎತ್ತಿಕೊಂಡು, "ತನುಜಾ, ಆ ಭಾಷಣದ ದಿನ..." ಎಂದರು.

"ನಮ್ಮೂರ ಕೆರೆ," ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. ಅದು ಸ್ಪರ್ಧೆಯ ವಿಷಯ, ಅವರಿಗೆ ಮರೆತಿತ್ತು. "ಬೋರ್ಡಿಗೆ ನೋಟೀಸು ಹಾಕಿದ ದಿನದಿಂದ ಎಂಟು ದಿನ ಕಲ್ತಿದ್ದೆ ಸರ್. ಕೆರೆ ಏರಿ ಮೇಲೆ ನಿಂತ್ಕಂಡು. ಎಮ್ಮೆ ಮೇಸೂಕೆ ಬತ್ತಿದ್ದ ಹೊನ್ನಿ ಅಜ್ಜಿಗೂ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಕಡೀಗೆ ಅಜ್ಜೀನೇ ನಂಗೆ ತಿದ್ತಿತ್ತು."

"ಮತ್ತೆ ಬೇಡ ಅಂದ್ಯಲ್ಲ?"

"ಅನ್ಬೇಕಲ್ಲ ಸರ್, ಮೊದ್ಲ ಸಲ."

ಅವಳು ನಗುತ್ತಲೇ ಹೇಳಿದ್ದಳು. ಮಾಸ್ತರರು ಮುಖ ಎಲ್ಲಿಡಬೇಕೆಂದು ತಿಳಿಯದೆ ಪಾನಕದ ಖಾಲಿ ಲೋಟ ನೋಡಿದರು. ನಾಚಿಕೆಯಾಯಿತು. ಹದಿನಾಲ್ಕು ವರ್ಷದ ಹುಡುಗಿ ಕೆರೆಯ ಏರಿಯಿಂದ ಸೀದಾ ತರಗತಿಗೆ ಬಂದು, ಮನೆಯಲ್ಲಿ ಕಲಿಸಿದ ಮರ್ಯಾದೆಯನ್ನು ತಪ್ಪದೆ ಪಾಲಿಸಿ, ಕೂತುಕೊಂಡಿದ್ದಾಳೆ. ಆ ಮರ್ಯಾದೆ ತಿಳಿಯದೇ ಹೋದದ್ದು ಅದರ ಮೇಲೆ ಆರು ಹಾಳೆ ಬರೆದವನಿಗೆ. ತಪ್ಪಾಯಿತು ಎಂಬ ಪದ ಬಾಯಲ್ಲಿತ್ತು, ವಿದ್ಯಾರ್ಥಿಯೊಬ್ಬರಿಗೆ ಅದನ್ನು ಹೇಳಿದ ಅಭ್ಯಾಸವಿರಲಿಲ್ಲ. ಆರನೆಯ ಹಾಳೆಯನ್ನು ಮಡಚಿ ಬದಿಗಿಟ್ಟರು.

"ಅದರ ಕೆಳಗೆ ಬರಿ," ಎಂದರು. ದನಿ ಸರಿ ಮಾಡಿಕೊಂಡು ನಿಧಾನ ಹೇಳಿದರು. "ಇಲ್ಲಿಯ ತನಕ ನಮ್ಮಲ್ಲಿ ಎಂದು ಬರೆದದ್ದೆಲ್ಲ ತಪ್ಪು. ಇದು ಎಲ್ಲರಲ್ಲಿಯೂ ಇತ್ತು, ನನಗೆ ಕಾಣಲಿಲ್ಲ. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಭಾಷಣಕ್ಕೆ ಬೇಡ ಸರ್ ಎಂದಳು. ನಾನು ಎರಡನೆಯ ಸಲ ಕೇಳಲಿಲ್ಲ. ಎಂಟು ದಿನ ಕಲಿತ ಮಾತು ಅವಳ ಬಾಯಲ್ಲೇ ಉಳಿಯಿತು."

ಕೀಲಿಗಳ ಸದ್ದು ಈಗ ಮೊದಲಿನಷ್ಟು ಚುರುಕಾಗಿರಲಿಲ್ಲ. ಒಂದು ಅಕ್ಷರ ತಪ್ಪಿ, ಅಳಿಸಿ, ಮತ್ತೆ ಒತ್ತಿದಳು. ಒಳಗೆ ದೇವಕಿ ಏನೋ ಪಾತ್ರೆ ತೊಳೆಯುತ್ತಿದ್ದಳು.

"ಹೆಸರು ಹಾಕ್ಲಾ?" ಎಂದು ಕೇಳಿದರು ಮಾಸ್ತರರು. "ಆ ಹುಡುಗಿಯ ಹೆಸರು."

"ಬ್ಯಾಡ ಸರ್. ಎಂತಕ್ಕೆ."

ಹಾಗಾದರೆ ಬೇಡವೇ ಇರಬಹುದು. ನಿಜವಾಗಿಯೂ ಬೇಡವಾದವರಿಗೆ ಹೇಗೆ ಕಾಣುತ್ತದೆ ಮುಖ? ಮಾಸ್ತರರು ಅವಳನ್ನು ನೋಡಿದರು, ಏನೂ ಗೊತ್ತಾಗಲಿಲ್ಲ. ಕೇಳದೆ ಗೊತ್ತಾಗುವುದು ಹೇಗೆ?

"ಹಾಕುವಾ ತನುಜಾ," ಎಂದರು. "ನಿನ್ನ ಹೆಸರು ಅಲ್ಲಿ ಇರ್ಬೇಕು ಅಂತ ನಂಗೆ ಆಸೆ. ಇರ್ಲಿ."

ಅವಳು ಬಾಗಿಲಿನ ಕಡೆಗೆ ಮುಖ ತಿರುಗಿಸಿದಳು. ಕಣ್ಣು ಒದ್ದೆಯಾಗಿತ್ತೋ, ಬಿಸಿಲಿಗೆ ಹೊಳೆಯಿತೋ, ಕನ್ನಡಕದಲ್ಲಿ ಸರಿಯಾಗಿ ಕಾಣಲಿಲ್ಲ. ಬೆರಳು ಮಾತ್ರ ಕೀಲಿಗಳನ್ನು ಬಿಟ್ಟು ಬಂದಿರಲಿಲ್ಲ.

"ಇನ್ನೊಂದ್ಸಲ ಕೇಳಿ ಸರ್," ಎಂದಳು.

ಮಾಸ್ತರರು ಕೇಳಿದರು.